ಶುಲ್ಕ ಜಾಸ್ತಿಯಿರುವ ಕ್ರೆಡಿಟ್ ಕಾರ್ಡನ್ನು ನನ್ನ ಆನ್‌ಲೈನ್ ಅಂಗಡಿಯಲ್ಲಿ ನಿಲ್ಲಿಸಬಹುದೇ?

ನಿಲ್ಲಿಸಬೇಡಿ. ಒಂದು ಕಂಪನಿಯ ಕಾರ್ಡಿಗೆ ಶೇಕಡಾ 4ಕ್ಕೂ ಮಿಕ್ಕಿ ಶುಲ್ಕ ಹೋಗುತ್ತಿದೆ ಎಂಬ ನಿಮ್ಮ ಲೆಕ್ಕವನ್ನೇ ನಾನೂ ಕೆಲವು ವರ್ಷಗಳ ಹಿಂದೆ ಹಾಕಿ, ಆ ಕಾರ್ಡನ್ನು ತೆಗೆದುಹಾಕಿದ್ದೆ. ಕುಂಚ, ಬಣ್ಣ, ಚಿತ್ರ ಬರೆಯುವ ಕಾಗದಗಳನ್ನು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ವ್ಯಾಪಾರ ನನ್ನದು. ಸಿಗುವ ಲಾಭವೇ ಅಲ್ಪವಾಗಿರುವಾಗ ಅದರಲ್ಲೂ ಒಂದು ಪಾಲು ಶುಲ್ಕಕ್ಕೆ ಹೋಗುವುದನ್ನು ಪ್ರತಿ ತಿಂಗಳು ನೋಡುತ್ತಿದ್ದರೆ ಆಗುವ ಸಂಕಟ ನನಗೆ ಚೆನ್ನಾಗಿ ಗೊತ್ತು.

ನಾನು ಎಡವಿದ್ದು ಲೆಕ್ಕದಲ್ಲಿ. ಗ್ರಾಹಕರ ಕಾರ್ಡಿನಿಂದ ನಮಗೆ ಹಣ ತಲುಪಿಸುವ ಪೇಮೆಂಟ್ ಗೇಟ್‌ವೇ ಕಳಿಸುತ್ತಿದ್ದ ತಿಂಗಳ ಪಟ್ಟಿಯಲ್ಲಿ ಪ್ರತಿಯೊಂದು ಕಂಪನಿಯ ಕಾರ್ಡಿಗೂ ಶುಲ್ಕದ ಒಟ್ಟು ಮೊತ್ತ ಮಾತ್ರ ಇರುತ್ತಿತ್ತು. ಆ ಮೊತ್ತವನ್ನು ಮಾರಾಟದಿಂದ ಭಾಗಿಸಿ, ಬಂದದ್ದನ್ನೇ ಆ ಕಾರ್ಡಿನ ದರವೆಂದು ನಂಬಿದೆ. ಆದರೆ ಇಂಥ ಶುಲ್ಕದಲ್ಲಿ ಹಲವು ಕಡೆ ಎರಡು ಭಾಗಗಳಿರುತ್ತವೆ: ಮೊತ್ತದ ಮೇಲೆ ಶೇಕಡಾವಾರು ಒಂದು, ಪ್ರತಿ ವಹಿವಾಟಿಗೆ ನಿಗದಿಯಾದ ಮೊತ್ತ ಇನ್ನೊಂದು. ಉದಾಹರಣೆಗೆ ಶೇಕಡಾ 2ರ ಜೊತೆಗೆ ಪ್ರತಿ ವಹಿವಾಟಿಗೆ 3 ರೂಪಾಯಿ ಎಂದಿಟ್ಟುಕೊಳ್ಳಿ. 1,000ದ ಆರ್ಡರಿಗೆ 23 ಹೋಗುತ್ತದೆ, ಅಂದರೆ ಶೇಕಡಾ 2.3, 100ರ ಆರ್ಡರಿಗೆ 5 ಹೋಗುತ್ತದೆ, ಅಂದರೆ ಶೇಕಡಾ 5. ಕಾರ್ಡೂ ಅದೇ, ದರವೂ ಅದೇ. ಆ ಕಾರ್ಡ್ ಇಟ್ಟುಕೊಂಡಿದ್ದ ನನ್ನ ಗ್ರಾಹಕರಲ್ಲಿ ಹೆಚ್ಚಿನವರು ಒಂದು ಕುಂಚ, ಒಂದು ಬಣ್ಣದ ಟ್ಯೂಬು ಎಂದು ಬಿಡಿಬಿಡಿಯಾಗಿ ಕೊಳ್ಳುತ್ತಿದ್ದರು. ಸಾಲದ್ದಕ್ಕೆ, ಗ್ರಾಹಕರು ತಕರಾರು ಮಾಡಿದಾಗ ಬ್ಯಾಂಕ್ ಹಣವನ್ನು ಅಂಗಡಿಯಿಂದ ವಾಪಸು ಪಡೆಯುವ ಎರಡು ಚಾರ್ಜ್‌ಬ್ಯಾಕ್‌ಗಳ ದಂಡವೂ ಅದೇ ಒಟ್ಟಿನಲ್ಲಿ ಸೇರಿಕೊಂಡಿತ್ತು. ಇವನ್ನೆಲ್ಲ ಬಿಡಿಸಿ ನೋಡಿದಾಗ ಉಳಿದ ಕಾರ್ಡುಗಳಿಗೂ ಅದಕ್ಕೂ ಇದ್ದ ನಿಜವಾದ ವ್ಯತ್ಯಾಸ ಶೇಕಡಾ ಅರ್ಧದಷ್ಟೂ ಇರಲಿಲ್ಲ.

ಇದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು. ಬಿಡಿ ಆರ್ಡರುಗಳು ಬೇರೆ ಕಾರ್ಡುಗಳಿಗೆ ವರ್ಗವಾಗಿ ಅವುಗಳ ಸರಾಸರಿಯೂ ಏರಿತ್ತು, ದೊಡ್ಡ ಆರ್ಡರುಗಳು ಮಾತ್ರ ಬರುವುದೇ ನಿಂತಿತ್ತು. ಅರ್ಧಕ್ಕೆ ನಿಂತ ಖರೀದಿಗಳ ಪಟ್ಟಿಯಲ್ಲಿ ಒಬ್ಬ ಚಿತ್ರಕಲಾ ಶಿಕ್ಷಕಿಯ ಆರ್ಡರ್ ಕಂಡಿತು: ನಲವತ್ತು ಕುಂಚಗಳು, ಪೂರ್ತಿ ವಿಳಾಸ, ಕೆಳಗೆ ‘ಶನಿವಾರದೊಳಗೆ ತಲುಪಿದರೆ ಉಪಕಾರವಾಗುತ್ತದೆ’ ಎಂಬ ಸಾಲು. ಹಣ ಕೊಡುವ ಕೊನೆಯ ಪುಟಕ್ಕೆ ಬಂದ ಮೇಲೆ ಅವರ ಕಾರ್ಡ್ ನಡೆಯುವುದಿಲ್ಲವೆಂದು ತಿಳಿದಿತ್ತು, ಏಕೆಂದರೆ ಅದನ್ನು ಮೊದಲೇ ಹೇಳುವ ಒಂದು ಸಾಲನ್ನೂ ನಾನು ಎಲ್ಲಿಯೂ ಹಾಕಿರಲಿಲ್ಲ.

ದೊಡ್ಡ ಕಂಪನಿಗಳೇ ನಿರಾಕರಿಸುವಾಗ ನಾವೇಕೆ ಸುಮ್ಮನಿರಬೇಕು ಎಂದು ಕೇಳಿದ್ದೀರಿ. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಬ್ರಿಟನ್ನಿನ ವೀಸಾ ಕ್ರೆಡಿಟ್ ಕಾರ್ಡುಗಳನ್ನು 2022ರ ಜನವರಿ 19ರಿಂದ ಸ್ವೀಕರಿಸುವುದಿಲ್ಲವೆಂದು ಅಮೆಜಾನ್ 2021ರ ನವೆಂಬರ್‌ನಲ್ಲಿ ಪ್ರಕಟಿಸಿತ್ತು. ಗಡುವಿಗೆ ಎರಡು ದಿನ ಇರುವಾಗ ಅದನ್ನು ಕೈಬಿಟ್ಟಿತು, ಫೆಬ್ರವರಿಯಲ್ಲಿ ಎರಡೂ ಕಂಪನಿಗಳ ನಡುವೆ ಒಪ್ಪಂದವಾಯಿತು. ನನ್ನ ದೃಷ್ಟಿಯಲ್ಲಿ ಅದು ಚೌಕಾಸಿಯ ಪಟ್ಟು. ನಾವು ನಿರಾಕರಿಸಿದರೆ ಮಾತುಕತೆಗೆ ಯಾರೂ ಬರುವುದಿಲ್ಲ, ಗ್ರಾಹಕರು ಹೋಗುತ್ತಾರೆ, ಅಷ್ಟೇ. ಅಲ್ಲದೆ ಶುಲ್ಕದ ದೊಡ್ಡ ಪಾಲಾದ ಇಂಟರ್‌ಚೇಂಜ್ ಎಂಬ ಮೊತ್ತ ಗ್ರಾಹಕರಿಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ಸೇರುತ್ತದೆ, ರಿವಾರ್ಡ್ ಪಾಯಿಂಟ್ ಕೊಡುವ ಕಾರ್ಡುಗಳಿಗೆ ಅದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಹೀಗಾಗಿ ಒಂದೇ ಕಂಪನಿಯ ಹೆಸರಿರುವ ಎರಡು ಕಾರ್ಡುಗಳಿಗೂ ಬೇರೆ ಬೇರೆ ದರ ಇರಬಹುದು.

ಹೆಚ್ಚುವರಿ ಶುಲ್ಕವನ್ನು ಗ್ರಾಹಕರ ಮೇಲೆ ಹಾಕುವ ಆಲೋಚನೆಯೂ ನನಗೆ ಹಿಡಿಸುವುದಿಲ್ಲ, ಕೆಲವು ದೇಶಗಳಲ್ಲಿ ಕಾನೂನೂ ಅದಕ್ಕೆ ಅಡ್ಡಬರುತ್ತದೆ. ಶೇಕಡಾವಾರು, ನಿಗದಿತ ಮೊತ್ತ, ದಂಡ ಇವು ಮೂರನ್ನೂ ಬೇರೆಬೇರೆಯಾಗಿ ತೋರಿಸುವ ಪಟ್ಟಿಯನ್ನು ಗೇಟ್‌ವೇಯವರಿಂದ ಇಂದೇ ಕೇಳಿ ಪಡೆಯಿರಿ. ನಾನು ಆ ಕಾರ್ಡನ್ನು ಮತ್ತೆ ಸೇರಿಸಿ, ಯಾವ ಕಾರ್ಡ್ ಎಂಬ ಭೇದವಿಲ್ಲದೆ ಎಲ್ಲರಿಗೂ ಕನಿಷ್ಠ ಆರ್ಡರ್ ಮೊತ್ತವೊಂದನ್ನು ಗೊತ್ತುಮಾಡಿದೆ; ಮೊದಲ ತಿಂಗಳಲ್ಲೇ ಆ ಕಾರ್ಡಿನ ಸರಾಸರಿ ಶೇಕಡಾ 3ಕ್ಕಿಂತ ಕೆಳಗೆ ಇಳಿಯಿತು.