ಅಪ್ಪನಿಗೆ ಪಾರ್ಕಿನ್ಸನ್: ನರಕೋಶ ಸಾಯದಂತೆ ತಡೆಯುವ ಮಾತ್ರೆ ಯಾವುದು?

"ಲೆವೋಡೋಪ ಈಗಲೇ ಬೇಡ, ಮೊದಲು ಕೋಶ ಉಳಿಸಿಕೊಳ್ಳೋಣ" ಅಂತ ಬರೆದಿದ್ದೀರಲ್ಲ, ಎಂಟು ವರ್ಷದ ಹಿಂದೆ ನಾನೂ ಇದೇ ಮಾತು ಆಡಿದ್ದೆ. (ಲೆವೋಡೋಪ ಅಂದರೆ ಪಾರ್ಕಿನ್ಸನ್‌ನ ನಡುಕ, ಬಿಗಿತ ಇಳಿಸುವ ಮುಖ್ಯ ಮಾತ್ರೆ.)

ನಮ್ಮದು ಗುಳೇದಗುಡ್ಡ. ಅಪ್ಪ ಕುಣಿಮಗ್ಗದಲ್ಲಿ ಖಣ ನೇಯುತ್ತಿದ್ದರು. ಒಂದು ದಿನ "ಬಲಗೈ ನನ್ನ ಮಾತ ಕೇಳವಲ್ದು" ಅಂದರು. ಬಾಗಲಕೋಟೆಯ ಡಾಕ್ಟರು ಪಾರ್ಕಿನ್ಸನ್ ಅಂದರು, ಮೆದುಳಿನಲ್ಲಿ ಚಲನೆ ನಡೆಸುವ ಕೋಶಗಳು ಸಾಯುತ್ತಾ ಹೋಗುವ ಕಾಯಿಲೆ. ದಿನಕ್ಕೆ ಮೂರು ಲೆವೋಡೋಪ ಬರೆದುಕೊಟ್ಟರು.

ನಾನು ಬಿ.ಎಸ್ಸಿ. ಓದಿದವನು, ಅದೇ ಕಂಟಕವಾಯಿತು. ರಾತ್ರಿಯೆಲ್ಲ ಕೂತು ಓದಿದೆ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಸೋರುತ್ತದೆ, ಕೋಶವನ್ನು ಒಳಗಿಂದ ಕತ್ತರಿಸುವ ಕ್ಯಾಸ್ಪೇಸ್ ಕಿಣ್ವಗಳು ಎಚ್ಚರಗೊಳ್ಳುತ್ತವೆ, ಕೋಶ ತನ್ನನ್ನು ತಾನೇ ಬಿಚ್ಚಿಹಾಕಿಕೊಳ್ಳುತ್ತದೆ. ಅಲ್ಲೇ ಇನ್ನೊಂದು ಸಾಲಿತ್ತು: ಗಾಜಿನ ತಟ್ಟೆಯಲ್ಲಿ ಬೆಳೆಸಿದ ನರಕೋಶಕ್ಕೆ ಜಾಸ್ತಿ ಲೆವೋಡೋಪ ಹಾಕಿದರೆ ಅದು ಸಾಯುತ್ತದೆ. ಅಷ್ಟೇ ಸಾಕಾಯಿತು. ಮೂರರಲ್ಲಿ ಎರಡು ಮಾತ್ರೆ ಕಪಾಟಿನಲ್ಲಿಟ್ಟು, ಕೋಶವನ್ನು ಕಾಪಾಡುತ್ತದೆ ಅಂತ ನಂಬಿ ಕೋಎನ್‌ಜೈಮ್ ಕ್ಯೂ10 ಕ್ಯಾಪ್ಸೂಲು ತರಿಸಿ ಕೊಟ್ಟೆ.

ತಪ್ಪು ಎಲ್ಲಾಯಿತು ಅಂದರೆ, ತಟ್ಟೆಯನ್ನು ತಲೆ ಅಂದುಕೊಂಡೆ. ತಟ್ಟೆಯಲ್ಲಿ ಕೋಶ ಒಂಟಿ, ಔಷಧಿಯ ಪ್ರಮಾಣವೂ ವಿಪರೀತ. ಮೆದುಳಿನಲ್ಲಿ ಅದನ್ನು ಕಾಯುವ ಗ್ಲಿಯಾ ಕೋಶಗಳು ಸುತ್ತ ಇರುತ್ತವೆ. 2019ರಲ್ಲಿ ನೆದರ್‌ಲೆಂಡ್ಸ್‌ನ ಅಧ್ಯಯನವೊಂದು ಪ್ರಕಟವಾಯಿತು. 445 ಜನರಲ್ಲಿ ಅರ್ಧ ಮಂದಿಗೆ ಲೆವೋಡೋಪ ಕೂಡಲೇ, ಉಳಿದವರಿಗೆ 40 ವಾರ ತಡವಾಗಿ. 80 ವಾರದ ಹೊತ್ತಿಗೆ ಎರಡೂ ಗುಂಪಿನ ಕಾಯಿಲೆಯ ಸ್ಥಿತಿ ಹೆಚ್ಚುಕಮ್ಮಿ ಒಂದೇ. ಅಂದರೆ ಮಾತ್ರೆ ರೋಗದ ಓಟ ತಡೆದದ್ದೂ ಕಾಣಲಿಲ್ಲ, ಹೆಚ್ಚಿಸಿದ್ದೂ ಕಾಣಲಿಲ್ಲ. ನಾನು ಹದಿನಾಲ್ಕು ತಿಂಗಳು ಕಾಯಿಸಿ ಉಳಿಸಿದ್ದು ಏನೂ ಇಲ್ಲ.

ಕಳೆದದ್ದು ಮಾತ್ರ ಇದೆ. ಒಂದು ಸಂಜೆ ಅಪ್ಪ ಮಗ್ಗದ ಕುಣಿಗೆ ಇಳಿದವರು ಏಳಲಾಗದೆ ಕೂತುಬಿಟ್ಟರು. ಮೂವರು ಸೇರಿ ಎತ್ತಬೇಕಾಯಿತು. ಆ ತಿಂಗಳೇ ಮಗ್ಗ ಮಾರಿದೆವು. ಆಮೇಲೆ ಪೂರ್ತಿ ಡೋಸ್ ಶುರುವಾಗಿ, ಕೆಲವೇ ವಾರದಲ್ಲಿ ರೊಟ್ಟಿ ತಾವೇ ಮುರಿದು ತಿನ್ನತೊಡಗಿದರು. ಖಾಲಿ ಕುಣಿಯ ಪಕ್ಕ ಕೂತು.

ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ಕೋಶದ ಸಾವಿನ ಸಂಕೇತ ತಡೆಯುವ ಸಿಇಪಿ-1347 ಎಂಬ ಔಷಧಿಯನ್ನು 806 ಜನರ ಪ್ರಯೋಗದಲ್ಲಿ ಪರೀಕ್ಷಿಸಿದರು, ಉಪಯೋಗವಿಲ್ಲ ಅಂತ 2005ರಲ್ಲಿ ನಿಲ್ಲಿಸಿದರು. ಕ್ಯೂ10ನ ದೊಡ್ಡ ಪ್ರಯೋಗವೂ 2011ರಲ್ಲಿ ನಿಂತಿತು. ಕೈ ನಡುಗುವ ಹೊತ್ತಿಗೆ ಬಹಳಷ್ಟು ಕೋಶ ಹೋಗಿರುತ್ತವೆ. ಉಳಿದದ್ದರ ಸಾವು ತಡೆದರೂ ರೋಗಿಷ್ಟ ಕೋಶ ಕೆಲಸ ಮಾಡುತ್ತದೆ ಅಂತೇನಿಲ್ಲ ಅಲ್ವಾ?

ಡಾಕ್ಟರು ಬರೆದಷ್ಟು ಮಾತ್ರೆ ಕೊಡಿ. ಊಟಕ್ಕೆ ಅರ್ಧ ತಾಸು ಮೊದಲು ಕೊಡಬಹುದಾ ಕೇಳಿ, ಬೇಳೆಯ ಪ್ರೋಟೀನ್ ಅದರ ದಾರಿಗೆ ಅಡ್ಡ ಬರುತ್ತದೆ. ಕ್ಯಾಪ್ಸೂಲಿನ ದುಡ್ಡು ಫಿಸಿಯೋಥೆರಪಿಗೆ ಹಾಕಿ.