ಕ್ಯಾಲಿಫೋರ್ನಿಯಾದಲ್ಲಿ ಸ್ಕೂಲ್ ಬೋರ್ಡ್ ಸದಸ್ಯರು ಮಧ್ಯದಲ್ಲೇ ರಾಜೀನಾಮೆ ಕೊಟ್ಟರೆ ಚುನಾವಣೆ ಯಾವಾಗ ನಡೆಯುತ್ತೆ?

ನಿಮ್ಮ ಸ್ಕೂಲ್ ಬೋರ್ಡಿನ (ಊರಿನ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಚುನಾಯಿತ ಮಂಡಳಿ) ಟ್ರಸ್ಟಿ, ಅಂದರೆ ಸದಸ್ಯರು, ಒಬ್ಬರು ಇನ್ನೂ ಎರಡೂವರೆ ವರ್ಷ ಬಾಕಿ ಇರುವಾಗಲೇ ರಾಜೀನಾಮೆ ಕೊಟ್ಟಿದ್ದಾರೆ, ಊರಲ್ಲಿ ಎಂಎಲ್‌ಎ ಸೀಟು ಖಾಲಿಯಾದರೆ ಆರು ತಿಂಗಳೊಳಗೆ ಉಪಚುನಾವಣೆ ಆಗುವ ಹಾಗೆ ಇಲ್ಲೂ ಆಗುತ್ತಾ ಅಂತ ಕೇಳಿದ್ದೀರಿ. ಆಗಲೇಬೇಕು ಅಂತೇನಿಲ್ಲ. ಇದೇ ಆರು ತಿಂಗಳ ಲೆಕ್ಕ ನಂಬಿಕೊಂಡು ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ರಾಜೀನಾಮೆ ಪತ್ರ ಹೋಗುವುದು ಕೌಂಟಿ ಸೂಪರಿಂಟೆಂಡೆಂಟ್ (ನಮ್ಮ ಜಿಲ್ಲೆಯಂಥ ಕೌಂಟಿಯ ಶಿಕ್ಷಣಾಧಿಕಾರಿ) ಕಚೇರಿಗೆ. ಅಲ್ಲಿ ದಾಖಲಾದ ಮೇಲೆ ವಾಪಸ್ ತಗೊಳ್ಳೋಕೆ ಬರಲ್ಲ. ಸೀಟು ಖಾಲಿಯಾದ (ಮುಂದಿನ ತಾರೀಖು ಹಾಕಿ ಕೊಟ್ಟಿದ್ದರೆ, ಪತ್ರ ಸಲ್ಲಿಸಿದ) ದಿನದಿಂದ 60 ದಿನದೊಳಗೆ ಉಳಿದ ಸದಸ್ಯರು ಎರಡರಲ್ಲಿ ಒಂದು ಮಾಡಬೇಕು: ವಿಶೇಷ ಚುನಾವಣೆಗೆ ಆದೇಶ ಕೊಡಬೇಕು, ಇಲ್ಲವೇ ತಾವೇ ಒಬ್ಬರನ್ನು ತಾತ್ಕಾಲಿಕವಾಗಿ ನೇಮಿಸಬೇಕು. ಎರಡೂ ಮಾಡದೆ ಕೂತರೆ ಕೌಂಟಿ ಸೂಪರಿಂಟೆಂಡೆಂಟೇ ಚುನಾವಣೆಗೆ ಆದೇಶಿಸುತ್ತಾರೆ. ಅವಧಿ ಮುಗಿಯಲು ನಾಲ್ಕೇ ತಿಂಗಳು ಇದ್ದರೆ ಮಾತ್ರ ಸೀಟನ್ನು ಹಾಗೇ ಬಿಡುತ್ತಾರೆ. ಬಹುತೇಕ ಬೋರ್ಡ್‌ಗಳು ನೇಮಕದ ಕಡೆಗೇ ವಾಲುತ್ತವೆ, ಯಾಕೆಂದರೆ ವಿಶೇಷ ಚುನಾವಣೆಯ ಖರ್ಚಿನ ಬಿಲ್ಲು ಸ್ಕೂಲ್ ಡಿಸ್ಟ್ರಿಕ್ಟಿನ (ಆ ಬೋರ್ಡಿನ ಕೆಳಗಿನ ಶಾಲಾ ವ್ಯವಸ್ಥೆಯ) ತಲೆಗೇ ಬರುತ್ತದೆ.

ಹೀಗೆ ನೇಮಕವಾದವರ ಹೆಸರಿನ ಜೊತೆ 'ತಾತ್ಕಾಲಿಕ' ಅಂತ ಇದ್ದರೂ ಅವರ ವೋಟಿಗೆ ಬೇರೆಯವರ ವೋಟಿನಷ್ಟೇ ಬೆಲೆ. ಅವರು ಎಷ್ಟು ದಿನ ಇರುತ್ತಾರೆ ಅನ್ನುವುದನ್ನು 130 ಅನ್ನೋ ಅಂಕಿ ತೀರ್ಮಾನಿಸುತ್ತದೆ. ಸೀಟು ಖಾಲಿಯಾಗಿ 130 ದಿನವೋ ಅದಕ್ಕಿಂತ ಹೆಚ್ಚೋ ಕಳೆದ ಮೇಲೆ ಬರುವ ಮೊದಲ ಮಾಮೂಲಿ ಬೋರ್ಡ್ ಚುನಾವಣೆಯವರೆಗೆ ಅವರು ಇರಬಹುದು. 2026ರ ಚುನಾವಣೆ ನವೆಂಬರ್ 3ಕ್ಕೆ. ಅಲ್ಲಿಂದ 130 ದಿನ ಹಿಂದಕ್ಕೆ ಎಣಿಸಿದರೆ ಜೂನ್ 26. ಅಷ್ಟರೊಳಗೆ ಸೀಟು ಖಾಲಿಯಾದರೆ ನವೆಂಬರಿನಲ್ಲಿ ನಿಮಗೆ ಓಟು ಹಾಕೋಕೆ ಸಿಗುತ್ತದೆ, ಗೆದ್ದವರು ಉಳಿದ ಎರಡು ವರ್ಷ ಮಾತ್ರ ಇರುತ್ತಾರೆ. "ಆರ್ಥಿಕ ವರ್ಷ ಮುಗಿಸಿ ಜೂನ್ 30ಕ್ಕೆ ಬಿಡುತ್ತೇನೆ" ಅಂದರೆ ಕೇಳುವುದಕ್ಕೇನೋ ಜವಾಬ್ದಾರಿಯ ಮಾತು. ಆದರೆ ಆ ನಾಲ್ಕು ದಿನದ ವ್ಯತ್ಯಾಸಕ್ಕೆ, ನೇಮಕವಾದವರು 2028ರವರೆಗೆ ಅಲ್ಲೇ ಕೂರಬಹುದು. ರಾಜೀನಾಮೆಯನ್ನು 60 ದಿನದವರೆಗೆ ಮುಂದಿನ ತಾರೀಖಿಗೆ ಕೊಡಲು ಅವಕಾಶವಿದೆ. ಹಾಗಾಗಿ ಚುನಾವಣೆ ಬೇಕೋ ಬೇಡವೋ ಅನ್ನುವುದನ್ನು ಎಷ್ಟೋ ಸಲ ಬಿಟ್ಟುಹೋಗುವವರೇ ತೀರ್ಮಾನಿಸಿರುತ್ತಾರೆ, ತಿಳಿದೋ ತಿಳಿಯದೆಯೋ.

ನಮ್ಮಲ್ಲಿ ಆದದ್ದು ಕೇಳಿ. ಆರು ತಿಂಗಳಿದೆಯಲ್ಲ ಅಂತ ನಾನು ಆರಾಮಾಗಿದ್ದೆ. ಅಷ್ಟರಲ್ಲಿ ಅರ್ಜಿ ಕರೆದು, ಒಂದು ವಾರದ ದಿನ ಸಂಜೆ ಎಲ್ಲರೆದುರೇ ಸಂದರ್ಶನ ಮಾಡಿ, ಅವತ್ತೇ ನೇಮಕವೂ ಮುಗಿದಿತ್ತು. ಕದ್ದುಮುಚ್ಚಿ ಏನೂ ಮಾಡಿರಲಿಲ್ಲ, ಅಜೆಂಡಾ ವೆಬ್‌ಸೈಟಿನಲ್ಲೇ ಇತ್ತು, ನೋಡದವನು ನಾನು. ನೇಮಕವಾಗಿ 30 ದಿನದೊಳಗೆ ಮತದಾರರು ಅರ್ಜಿ ಕೊಟ್ಟರೆ ಆ ನೇಮಕ ರದ್ದಾಗಿ ವಿಶೇಷ ಚುನಾವಣೆ ನಡೆಯುತ್ತದೆ ಅಂತ ಗೊತ್ತಾದಾಗ ಉಳಿದಿದ್ದು ಎಂಟು ದಿನ. ನೋಂದಾಯಿತ ಮತದಾರರಲ್ಲಿ ಶೇ. 1.5ರಷ್ಟು ಜನರ ಸಹಿ ಬೇಕು, ಅಂದರೆ 60,000 ಮತದಾರರಿದ್ದ ಕಡೆ 900. ಚುನಾವಣೆಗೆ ಎಷ್ಟು ಖರ್ಚಾಗುತ್ತದೆ ಅನ್ನುವ ಅಂದಾಜನ್ನೂ ಅರ್ಜಿಯಲ್ಲೇ ಹಾಕಬೇಕು. ನಮ್ಮ ಕನ್ನಡ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಇನ್ನೂರು ಜನ ಇದ್ದರು, ಎಲ್ಲರಿಗೂ ಸಿಟ್ಟಿತ್ತು. ಆದರೆ ಎಚ್-1ಬಿ, ಗ್ರೀನ್ ಕಾರ್ಡ್‌ನವರನ್ನೆಲ್ಲ ಕಳೆದು ಎಣಿಸಿದರೆ ಸಹಿಗೆ ಲೆಕ್ಕ ಬರುವವರು ಹನ್ನೊಂದು ಮಂದಿ! ಅಲ್ಲಿಗೆ ಆ ಕಥೆ ಮುಗಿಯಿತು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಿದ್ದರೆ ಓಟಿನ ವಿಷಯದಲ್ಲಿ ಪರಿಸ್ಥಿತಿ ಬೇರೆ ಇರುತ್ತಿತ್ತು. 2016ರಲ್ಲಿ ಅಲ್ಲಿನ ಮತದಾರರು, ಪೌರತ್ವ ಇಲ್ಲದ ಪೋಷಕರೂ ಸ್ಕೂಲ್ ಬೋರ್ಡ್ ಚುನಾವಣೆಯಲ್ಲಿ ಓಟು ಹಾಕಬಹುದು ಅನ್ನುವ ನಿಯಮಕ್ಕೆ ಒಪ್ಪಿಗೆ ಕೊಟ್ಟರು. ಕೆಳಗಿನ ಕೋರ್ಟು ಹೊಡೆದುಹಾಕಿದರೂ 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಖಾಲಿ ಸೀಟು ತುಂಬುವ ಕ್ರಮವೂ ಅಲ್ಲಿ ಬೇರೆ, ಮೇಯರ್ ನೇಮಿಸುತ್ತಾರೆ. 2022ರ ಫೆಬ್ರವರಿಯಲ್ಲಿ ಬೋರ್ಡಿನ ಮೂವರನ್ನು ಜನ ರೀಕಾಲ್ ಮಾಡಿ, ಅಂದರೆ ಅವಧಿಗೆ ಮೊದಲೇ ಓಟು ಹಾಕಿ ಇಳಿಸಿ, ಮನೆಗೆ ಕಳಿಸಿದಾಗ ಮೇಯರ್ ಲಂಡನ್ ಬ್ರೀಡ್ ಮೂವರನ್ನು ತಂದು ಕೂರಿಸಿದರು. ಅದೇ ನವೆಂಬರಿನ ಚುನಾವಣೆಯಲ್ಲಿ ಅವರಲ್ಲಿ ಇಬ್ಬರು ಗೆದ್ದರು, ಒಬ್ಬರು ಸೋತರು.

ಹಾಗಂತ ಚುನಾವಣೆಯೇ ಸರಿ, ನೇಮಕ ತಪ್ಪು ಅಂತ ನಾನು ಹೇಳಲಾರೆ. ಲಾಸ್ ಏಂಜಲೀಸ್‌ನಲ್ಲಿ 2018ರ ಜುಲೈನಲ್ಲಿ ಒಬ್ಬ ಸದಸ್ಯರು ರಾಜೀನಾಮೆ ಕೊಟ್ಟರು. ವಿಶೇಷ ಚುನಾವಣೆ ನಡೆದಿದ್ದು 2019ರ ಮಾರ್ಚ್‌ನಲ್ಲಿ, ಅಲ್ಲೂ ಯಾರಿಗೂ ಬಹುಮತ ಬರದೆ ಮೇ ತಿಂಗಳಲ್ಲಿ ಇನ್ನೊಂದು ಸುತ್ತು. ಜಾಕಿ ಗೋಲ್ಡ್‌ಬರ್ಗ್ ಗೆದ್ದರು. ಈ ನಡುವೆ ಜನವರಿಯಲ್ಲಿ ಶಿಕ್ಷಕರ ದೊಡ್ಡ ಮುಷ್ಕರವೇ ಆಗಿಹೋಯಿತು, ಆ ಭಾಗದ ಮಕ್ಕಳ ಪರವಾಗಿ ಬೋರ್ಡಿನಲ್ಲಿ ಮಾತಾಡುವ ಕುರ್ಚಿ ಖಾಲಿ!

ಮೊದಲು ಕೌಂಟಿ ಶಿಕ್ಷಣ ಕಚೇರಿಗೆ ಫೋನ್ ಮಾಡಿ ಎರಡು ತಾರೀಖು ಕೇಳಿಕೊಳ್ಳಿ: ಪತ್ರ ದಾಖಲಾಗಿದ್ದು ಯಾವತ್ತು, ರಾಜೀನಾಮೆ ಜಾರಿಗೆ ಬರುವುದು ಯಾವತ್ತು. ಮೊದಲನೆಯದು ಗೊತ್ತಾದರೆ ಬೋರ್ಡಿನ 60 ದಿನದ ಗಡುವು ಸಿಗುತ್ತೆ. ಎರಡನೆಯದರಿಂದ ಮುಂದಕ್ಕೆ 130 ಎಣಿಸಿ. ಆಮೇಲೆ ಬೋರ್ಡ್ ಮೀಟಿಂಗಿಗೆ ಹೋಗಿ. ಮಾತಾಡಲು ಸಿಗುವುದು ಹೆಚ್ಚೆಂದರೆ ಮೂರು ನಿಮಿಷ, ಹಾಗಾಗಿ ಚುನಾವಣೆ ಬೇಕು ಅನ್ನುವವರು ನಾಲ್ಕೈದು ಮಂದಿ ಒಟ್ಟಿಗೆ ಹೋಗುವುದು ವಾಸಿ. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ.

ಇದೆಲ್ಲ ಕ್ಯಾಲಿಫೋರ್ನಿಯಾದ ಕಥೆ ಮಾತ್ರ. ನನ್ನ ಷಡ್ಡಕ ಇರುವ ಟೆಕ್ಸಾಸ್‌ನಲ್ಲಿ, ಅವಧಿ ಒಂದು ವರ್ಷಕ್ಕಿಂತ ಹೆಚ್ಚು ಉಳಿದಿದ್ದರೆ, ನೇಮಕವೋ ಚುನಾವಣೆಯೋ, 180 ದಿನದೊಳಗೆ ಸೀಟು ತುಂಬಲೇಬೇಕು.