ಹೋಗಲು ಐದೂವರೆ ತಾಸು, ಬರಲು ಹದಿನೈದು ತಾಸು?

ಪ್ರಶ್ನೆ: ಡಿಸೆಂಬರ್‌ನಲ್ಲಿ ಲಂಡನ್ನಿನ ಮಗಳ ಮನೆಗೆ ಹೊರಟಿದ್ದೇನೆ. ಟಿಕೆಟ್ ನೋಡಿದರೆ ಬೆಂಗಳೂರಿನಿಂದ ಮಧ್ಯಾಹ್ನ 1.30ಕ್ಕೆ ಹೊರಟು ಸಂಜೆ 7ಕ್ಕೆ ಲಂಡನ್. ವಾಪಸ್ ಬರುವಾಗ ರಾತ್ರಿ 9ಕ್ಕೆ ಹೊರಟು ಮರುದಿನ ಮಧ್ಯಾಹ್ನ 12ಕ್ಕೆ ಬೆಂಗಳೂರು. ಅದೇ ದಾರಿ, ಇಷ್ಟು ವ್ಯತ್ಯಾಸ ಯಾಕೆ? ಮಗಳು ಮಾತ್ರ 'ಆಯಿ, ಎರಡೂ ಕಡೆ ಹತ್ತು ತಾಸು ಅಂದ್ಕೋ' ಅನ್ನುತ್ತಾಳೆ.
– ಓದುಗರು, ಕುಮಟಾ

ಉತ್ತರ: ಮಗಳು ಹೇಳಿದ್ದೇ ಹೆಚ್ಚು ಕಡಿಮೆ ಸರಿ. ಟಿಕೆಟ್ ಮೇಲೆ ಹೊರಡುವ ಊರಿನ ಗಡಿಯಾರ ಒಂದು, ಇಳಿಯುವ ಊರಿನದು ಇನ್ನೊಂದು. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದೆ. ಅಲ್ಲಿ ಸಂಜೆ 7 ಅಂದರೆ ಕುಮಟಾದಲ್ಲಿ ನಡುರಾತ್ರಿ 12.30. ಅಲ್ಲಿಗೆ ಹೋಗುವ ಪ್ರಯಾಣ 11 ತಾಸು ಆಯಿತು. ಬರುವಾಗಿನ 15ರಲ್ಲಿ ಐದೂವರೆ ಕಳೆಯಿರಿ, ಒಂಬತ್ತೂವರೆ. ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಆಮೇಲೆ ಅಕ್ಟೋಬರ್ ಕೊನೆಯವರೆಗೆ ನಾಲ್ಕೂವರೆ ತಾಸಿನ ಲೆಕ್ಕ.

ಆದರೂ ಒಂದೂವರೆ ತಾಸು ಉಳಿಯಿತು, ಅಲ್ವಾ? ಅದು ಗಾಳಿಯ ಕೆಲಸ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ಜೋರು ಇನ್ನೂ ಜಾಸ್ತಿ. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ದೋಣಿ ಬಿಟ್ಟರೆ ಸಮುದ್ರದ ಕಡೆ ತಾನೇ ಸಾಗುತ್ತದೆ. ವಾಪಸ್ ಬರಲು ತೋಳು ಸೋಲುತ್ತದೆ. ವಿಮಾನದ್ದೂ ಇದೇ ಕಥೆ. ಬೆಂಗಳೂರು–ಲಂಡನ್ ನೇರ ದೂರ ಸುಮಾರು 8,000 ಕಿ.ಮೀ. ವಿಮಾನದ ವೇಗ ತಾಸಿಗೆ 900 ಕಿ.ಮೀ. ಇಟ್ಟುಕೊಳ್ಳಿ. ಎದುರು ಗಾಳಿ ಸರಾಸರಿ 50 ಕಿ.ಮೀ. ತಿಂದರೆ 850, ಹಿಂದಿನಿಂದ ತಳ್ಳಿದರೆ 950. ಇಷ್ಟಕ್ಕೇ ಒಂದು ತಾಸು ಹೆಚ್ಚು ಕಡಿಮೆ ಆಗುತ್ತದೆ. ಗಾಳಿ ಜೋರಾದ ದಿನ ಇನ್ನೂ ಹೆಚ್ಚು.

8,000ವನ್ನು 900ರಿಂದ ಭಾಗಿಸಿ 'ಒಂಬತ್ತು ತಾಸು ಸಾಕಲ್ಲ' ಅನ್ನಬೇಡಿ. ಕಾರವಾರ–ಶಿರಸಿ ನಕ್ಷೆಯಲ್ಲಿ ಗೆರೆ ಎಳೆದರೆ 80 ಕಿ.ಮೀ., ರಸ್ತೆಯಲ್ಲಿ 120ರ ಆಸುಪಾಸು. ಆಕಾಶದಲ್ಲಿ ಘಟ್ಟ ಇಲ್ಲ ನಿಜ, ಆದರೆ ಸುತ್ತು ಇದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಆಗ ನಮ್ಮ ಕಂಪನಿಗಳ ವಿಮಾನಗಳು ಅರಬ್ಬಿ ಸಮುದ್ರದ ಮೇಲೆ ಬಳಸಿ ಹೋಗಬೇಕಾಯಿತು. ಏರಲು, ಇಳಿಯಲು, ರನ್‌ವೇಗೆ ಸರದಿ ಕಾಯಲು ಬೇರೆ ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ಲೆಕ್ಕ ಸುಮ್ನೆ ಯಾಕೆ ಅನಿಸಿದರೆ, ಟಿಕೆಟ್‌ನಲ್ಲೇ 'ಒಟ್ಟು ಅವಧಿ' ಅಂತ ಕೊಟ್ಟಿರುತ್ತಾರೆ. ಅದನ್ನೇ ನಂಬಿ. ನಡುವೆ ದುಬೈಯಲ್ಲೋ ದೋಹಾದಲ್ಲೋ ವಿಮಾನ ಬದಲಿಸುವುದಿದ್ದರೆ ಅಲ್ಲಿ ಕಾಯುವ ಹೊತ್ತೂ ಅದರಲ್ಲಿ ಸೇರಿರುತ್ತದೆ. ಹೊತ್ತು ಹೊತ್ತಿಗೆ ತೆಗೆದುಕೊಳ್ಳುವ ಗುಳಿಗೆ ಇದ್ದರೆ ಡಾಕ್ಟರಿಗೂ ಈ ಅವಧಿಯನ್ನೇ ಹೇಳಿ, ಗಡಿಯಾರದ ಹೊತ್ತನ್ನಲ್ಲ.

ನನಗೆ ಕೇಳಿದರೆ ನಿಮ್ಮ ಪ್ರಯಾಣದ ಕಷ್ಟದ ಭಾಗ ಲಂಡನ್ ಅಲ್ಲ, ದೇವನಹಳ್ಳಿ. ಕುಮಟಾದಿಂದ ಅಲ್ಲಿಗೆ 500 ಕಿ.ಮೀ. ಹತ್ತಿರ, ರಾತ್ರಿ ಬಸ್ಸಿನಲ್ಲಿ ಅದಕ್ಕೂ ಹತ್ತು ತಾಸು ಬೇಕು! 1.30ರ ವಿಮಾನಕ್ಕೆ 10.30ಕ್ಕೇ ಅಲ್ಲಿರಬೇಕು. ಬಸ್ಸು ತಡವಾದರೆ ಎದೆ ಢವಢವ. ಹಿಂದಿನ ದಿನವೇ ಬೆಂಗಳೂರು ಸೇರಿ, ನೆಂಟರ ಮನೆಯಲ್ಲಿ ಮಲಗಿ ಎದ್ದು ಹೋಗಿ.